ಮಳೆಗಾಲದ ಜಪ್ತಿ

ಸಾಂಗ್ಲಿ ಸಂಸ್ಥಾನದ ಪೊಲೀಸರು ಬಂದಾಗ ಗುರುಸಿದ್ಧಪ್ಪನ ಅಂಗಡಿಯ ಪುಸ್ತಕಗಳೆಲ್ಲ ಮೂಟೆ ಕಟ್ಟಿಸಿಕೊಂಡು ಬಾಗಿಲ ಬಳಿ ಕೂತಿದ್ದವು.

“ಸಾಗಸಾಕ ತಯಾರಿ ನಡದಿತ್ತೇನು?” ಫೌಜುದಾರ ದಾದಾಸಾಹೇಬ ಮೀಸೆಯಡಿ ನಕ್ಕ.

“ಹೌದ್ರಿ. ಚಕ್ಕಡಿ ಸಿಗಲಿಲ್ಲ.”

ಇಂಥ ಪೆದ್ದನನ್ನು ಫೌಜುದಾರ ಕಂಡಿರಲಿಲ್ಲ. ಮೂಟೆ ಬಿಚ್ಚಿಸಿ ಒಂದು ಪುಸ್ತಕ ತೆಗೆದ. ಸಾಂಗ್ಲಿಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಇಲ್ಲಿ ರಾಜದ್ರೋಹದ ಪುಸ್ತಕವಿದೆ ಎಂದು ಚಾಡಿ ಹೇಳಿದವನು ಯಾವ ಪುಸ್ತಕವೆಂದು ಹೇಳಿರಲಿಲ್ಲ.

“ಎಲ್ಲಾ ಒಯ್ರಿ ಸಾಹೇಬ್ರ. ಒಂದು ಬಿಟ್ರ, ಅದರಾಗಽ ಇದ್ದೀತು,” ಎಂದ ಗುರುಸಿದ್ಧಪ್ಪ.

ಈ ಸೊಕ್ಕಿಗೆ ಫೌಜುದಾರನಿಗೆ ರೇಗಿತು. ಸರಕಾರಿ ಚಕ್ಕಡಿಗಳನ್ನೇ ತರಿಸಿದ. ಮಳೆ ಬಿಟ್ಟಿರಲಿಲ್ಲ. “ತೋಯ್ಸಬ್ಯಾಡ್ರೆಪ್ಪಾ,” ಎನ್ನುತ್ತ ಗುರುಸಿದ್ಧಪ್ಪ ಪೇದೆಗಳ ಹಿಂದೆ ಓಡಾಡಿದ. ಪುರಾವೆ ಕೆಡಬಾರದೆಂದು ಫೌಜುದಾರನೇ ತಾಡಪತ್ರಿ ಬಟ್ಟೆ ಹೊದಿಸಿದ.

ಹೆಂಡತಿ ನೀಲಾಬಾಯಿ ಒಳಗಿನಿಂದ ಓಡಿ ಬಂದಳು. ಯಾರೂ ಕೇಳದ ಕನ್ನಡ ಬರಹಗಾರರನ್ನು ಹುಡುಕಿ, ಸಲಗರೆಯ ಹೊಲ ಮಾರಿ ಗಂಡ ಅಚ್ಚು ಹಾಕಿಸಿದ ಪುಸ್ತಕಗಳು ಅವು. ಗಡಿಹಳ್ಳಿಗಳ ಶಾಲೆಗೆ ಪುಕ್ಕಟೆ ಹಂಚಬೇಕಿತ್ತು. ಬೇರೆಲ್ಲೂ ಒಂದು ಪ್ರತಿ ಇರಲಿಲ್ಲ.

“ಇದು ಆ ಕಿರಾಣಿ ಕಾಡಪ್ಪಂದಽ ಕೆಲಸ! ಮುಂಜಾನೆ ಚೌಕಿಗೆ ಹೋಗಿದ್ದನ್ನ ನಾನಽ ನೋಡೇನಿ. ಅವನ ಮನಿ ಹಾಳಾಗ್ಲಿ!”

“ಅವಗ ಬೈಬ್ಯಾಡ.” ಗುರುಸಿದ್ಧಪ್ಪ ಬೇಡಿಗೆ ಕೈಯೊಡ್ಡಿದ. ಅವಳ ಮುಖ ನೋಡಲಿಲ್ಲ. “ನೀ ಇವತ್ತಽ ಬುಧಗಾಂವಕ್ಕ, ತವರಿಗೆ ಹೋಗು.”

ಮೂಟೆಗಳು ದಿಬ್ಬದ ಮೇಲಿನ ಕಚೇರಿಯ ಮಹಡಿ ಸೇರಿದವು, ಗುರುಸಿದ್ಧಪ್ಪ ಕೆಳಗಿನ ಕತ್ತಲೆ ಕೋಣೆ ಸೇರಿದ. ಕನ್ನಡ ಓದಬಲ್ಲ ಮಾಸ್ತರರು ಮಿರಜದಿಂದ ಬರುವವರೆಗೆ ಬಿಡುಗಡೆ ಇಲ್ಲವೆಂದರು.

ಮಾಸ್ತರರಿಗಿಂತ ಮೊದಲು ಕೃಷ್ಣೆ ಬಂದಳು. ಪೇಟೆ ಮುಳುಗಿತು. ಗುರುಸಿದ್ಧಪ್ಪನ ಅಂಗಡಿಯ ಹಂಚು ಕೂಡ ಕಾಣಲಿಲ್ಲ. ಊರಿನ ಚಕ್ಕಡಿಗಳನ್ನೆಲ್ಲ ಮೊದಲೇ ಹಿಡಿದು ಕಾಳುಕಡಿ ಸಾಗಿಸಿದ್ದ ದೊಡ್ಡ ವ್ಯಾಪಾರಿಗಳ ಸರಕಷ್ಟೇ ಬಚಾವಾಯಿತು.

ನೀರಿಳಿದ ಮೇಲೆ ಮಾಸ್ತರರು ಬಂದು ಓದಿದರು. ಬೀಸುವ ಹಾಡು, ಒಗಟು, ಹಳ್ಳಿಯ ಕಥೆ. ರಾಜದ್ರೋಹದ ಒಂದು ಸಾಲೂ ಇರಲಿಲ್ಲ. ಫೌಜುದಾರ ಮುಖ ಸಣ್ಣದು ಮಾಡಿಕೊಂಡು ಮೂಟೆಗಳನ್ನೂ ಮನುಷ್ಯನನ್ನೂ ಬಿಟ್ಟ. ಒಂದು ಹಾಳೆಯೂ ತೋಯ್ದಿರಲಿಲ್ಲ. ಎಲ್ಲಾ ಶಿವನ ಕೃಪೆ ಎಂದರು ಪೇಟೆಯವರು.

ನೀಲಾಬಾಯಿ ಅಂಗಡಿಯ ರಾಡಿ ಬಳಿದು ಹೊರಹಾಕುತ್ತಿದ್ದಳು. ಕಾಡಪ್ಪ ಎದುರಿಗೆ ಬಂದದ್ದೇ ತಡ, ಕೈತುಂಬ ರಾಡಿ ತೆಗೆದು ಅವನ ಮುಖಕ್ಕೇ ಎಸೆದಳು.

ಕಾಡಪ್ಪ ಕಣ್ಣೊರೆಸಿಕೊಂಡು ಗುರುಸಿದ್ಧಪ್ಪನತ್ತ ತಿರುಗಿದ. “ಕಾಕಾ, ಚಕ್ಕಡಿ ಸಿಗಲಾರದ್ದಕ್ಕ ಚೌಕಿಗೆ ಹೋಗಿ ಚಾಡಿ ಹೇಳಂತ ನನಗ ಕೈಮುಗದವ್ರು ನೀವಽ ಅಂತ, ಈಗರ ಕಾಕೂಗ ಹೇಳ್ರಿ!”