ಕಾಡುಗಳ್ಳ

ತಾಯಿಯ ಚಿತೆಗೆ ಬೆಂಕಿ ಇಡಲು ಬಗ್ಗಿದ್ದ ತಮ್ಮಯ್ಯನ ಕೈಯನ್ನು ಫಾರೆಸ್ಟ್ ಗಾರ್ಡ್ ಬೂಟುಗಾಲಿನಿಂದ ಒದ್ದ. ಕೊಳ್ಳಿ ಹಾರಿ ಹಸಿ ಹುಲ್ಲಿಗೆ ಬಿತ್ತು.

“ಎಲ್ಲಿಯ ಸೌದೆಯೋ ಇದು, ಕಾಡುಗಳ್ಳ?”

“ಕಾಡು ಗೊತ್ತು, ಕಳ್ಳನೂ ಗೊತ್ತು ಸ್ವಾಮಿ. ಎರಡನ್ನೂ ಸೇರ್ಸಿ ಯಾರೂ ಅಂದಿದ್ದು ಕೇಳಿಲ್ಲ,” ಎಂದ ತಮ್ಮಯ್ಯ.

“ಹೋದ ತಿಂಗ್ಳು ಗಡಿಕಲ್ಲು ನೆಟ್ರಲ್ಲ, ಅವತ್ತು ಹುಟ್ಟಿದ ಹೆಸರು ಮಾರಾಯ. ಕಲ್ಲಿನಾಚೆ ಮಹಾರಾಜರ ಕಾಡು. ಅಲ್ಲಿಂದ ಕಡ್ಡಿ ತಂದ್ರೂ ಕಾಡುಗಳ್ಳನೇ.”

ಆ ಕಲ್ಲುಗಳನ್ನು ಕೂಲಿಗೆ ಹೊತ್ತು ನೆಟ್ಟವನು ತಮ್ಮಯ್ಯನೇ.

ತೋಟದ ಕೂಲಿಯಾಳುಗಳ ಲೈನುಮನೆಗಳಲ್ಲಿ ಯಾರು ಸತ್ತರೂ ಮನೆಗೊಂದು ತುಂಡು ಸೌದೆ ತಂದು ಚಿತೆಗೆ ಇಡುವುದು ರೂಢಿ. ಹದಿನೆಂಟು ಮನೆಯ ತುಂಡುಗಳೂ ಅಲ್ಲಿದ್ದವು, ಎಲ್ಲವೂ ಕಲ್ಲಿನಾಚೆಯವೇ. ಗಾರ್ಡ್ ಸುತ್ತ ನಿಂತವರ ಕಡೆ ತಿರುಗಿದ.

“ಇವನೊಬ್ಬನೇ ಕಾಡುಗಳ್ಳನೋ, ನೀವೆಲ್ಲರೂ ಹೌದೋ?”

ತನ್ನನ್ನು ಮೊದಲು ಕಾಡಿಗೆ ಕರೆದೊಯ್ದಿದ್ದ ಸೋದರಮಾವ ಭೂತಯ್ಯನ ಮುಖವನ್ನು ತಮ್ಮಯ್ಯ ನೋಡಿದ. ಚಿತೆಯಲ್ಲಿ ಮಲಗಿದ್ದ ತಂಗಿಯ ಎದೆಯ ಮೇಲೆ ಇಡಲೆಂದು ತಂದಿದ್ದ ಕೊನೆಯ ತುಂಡನ್ನು ಭೂತಯ್ಯ ಮೆಲ್ಲಗೆ ಕಂಬಳಿಯೊಳಗೆ ಸರಿಸಿಕೊಂಡ.

“ಇವ್ನೊಬ್ನೇ ಕಾಡುಗಳ್ಳ, ಸ್ವಾಮಿ,” ಎಂದ.