ಹೊರಗೆ ಹೋಗಲು ಚೀಟಿ

ಅರಮನೆಯ ಹೆಬ್ಬಾಗಿಲು ಬಂದದ್ದೇ ತಡ, ಹಂಜಾಬಾಯಿ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡಳು. ಮೊಮ್ಮಗಳು ಖುಷ್ಬುಗೆ ನಗು ತಡೆಯಲಾಗಲಿಲ್ಲ.

"ಅಜ್ಜೀ, ಇದೇನು ದೇವಸ್ಥಾನಾನಾ? ಹಾಕ್ಕೋ, ಕಲ್ಲು ಕಾದು ಕೆಂಡ ಆಗಿದೆ."

"ಇರಲಿ ಬಿಡೇ. ಟಿಕೆಟ್ಟು ಭದ್ರ ತಾನೇ? ಅದು ಒಳಗೆ ಹೋಗೋಕೆ ಮಾತ್ರಾನಾ, ಹೊರಗೆ ಬರೋಕೂನಾ?"

"ಎರಡಕ್ಕೂ ಮಾರಾಯ್ತೀ," ಎಂದಳು ಹುಡುಗಿ, ಕಟ್ಟಡದ ಕಥೆ ಹೇಳುವ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾ.

ಬಾಗಿಲಲ್ಲಿ ಕೆಂಪು ಪೇಟ, ಹುರಿಮೀಸೆಯ ಕಾವಲುಗಾರ ಬಗ್ಗಿ "ಖಮ್ಮಾ ಘಣಿ" ಎಂದ. ಹಂಜಾಬಾಯಿ ಅಭ್ಯಾಸಬಲದಿಂದ ಮೊಣಕಾಲೂರಲು ಹೋಗಿ ಗೋಡೆ ಹಿಡಿದುಕೊಂಡಳು. ಆ ನಮಸ್ಕಾರವನ್ನು ಅವಳು ನೆಲಕ್ಕೆ ಹಣೆ ಹಚ್ಚಿ ಹೇಳಿದವಳೇ ಹೊರತು ಹೇಳಿಸಿಕೊಂಡವಳಲ್ಲ. ರಾಣಿಯ ಮದುವೆಯಲ್ಲಿ ಪಾತ್ರೆ ಪಲ್ಲಕ್ಕಿಗಳ ಜೊತೆ ಬಳುವಳಿಯಾಗಿ ಬಂದ ದಾಸಿಯ ಮಗಳು ಅವಳು. ಹನ್ನೊಂದನೇ ವಯಸ್ಸಿಗೆ ಇಲ್ಲಿಂದ ತಪ್ಪಿಸಿಕೊಂಡು ಓಡಿಹೋದವಳು. ಅದನ್ನು ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. ಕಟ್ಟಡ ವಿದ್ಯೆ ಓದುವ ಈ ಪೆದ್ದು ಒಬ್ಬಳೇ ನೋಡಿ ಬರುತ್ತೇನೆಂದು ಹೊರಟಾಗ ಕಳಿಸಲು ಧೈರ್ಯ ಸಾಲದೆ ಬೆನ್ನಿಗೆ ಬಿದ್ದು ಬಂದಿದ್ದಳು. ರಾಜರ ಕಾಲ ಮುಗಿದು ಎಷ್ಟೋ ವರ್ಷವಾಯಿತೆಂದು ಅವಳಿಗೂ ಗೊತ್ತಿತ್ತು. ಮೊಣಕಾಲಿಗೆ ಗೊತ್ತಿರಲಿಲ್ಲ.

ಒಳಗೆ ಖುಷ್ಬು ಕಂಡದ್ದಕ್ಕೆಲ್ಲ ಬಾಯಿ ಬಿಟ್ಟಳು. ಕನ್ನಡಿ ಚೂರುಗಳ ಚಾವಣಿಗೆ ಬಿಟ್ಟಳು, ನವಿಲಿನ ಕಮಾನಿಗೆ ಬಿಟ್ಟಳು. ರಾಣಿವಾಸದ ಜಾಲರಿ ಕಿಟಕಿಯ ಮುಂದಂತೂ ಕುಣಿದೇಬಿಟ್ಟಳು.

"ಒಂದೇ ಕಲ್ಲಲ್ಲಿ ಕೊರೆದಿದ್ದಾರೆ ಅಜ್ಜೀ! ಮಾರವಾಡದ ಬಿಸಿಲಲ್ಲೂ ಗಾಳಿ ಎಷ್ಟು ತಣ್ಣಗಿದೆ ನೋಡು."

"ಹತ್ರ ಹೋಗ್ಬೇಡ. ಅದರ ಹಿಂದೆ ಯಾರು ನಿಂತಿದಾರೋ ಈ ಕಡೆಯಿಂದ ಕಾಣಲ್ಲ."

"ಯಾರು ನಿಂತಿರ್ತಾರೆ? ಪಾರಿವಾಳ! ಬಾ, ಈ ಮೆಟ್ಟಿಲು ನೋಡು. ಇಷ್ಟು ಇಕ್ಕಟ್ಟು ಯಾಕೆ ಹೇಳು? ವೈರಿಗಳು ಒಬ್ಬೊಬ್ಬರಾಗೇ ಹತ್ತಿ ಬರ್ಲಿ ಅಂತ."

"ವೈರಿಗಳಿಗಲ್ಲ ಕಣೇ. ಒಳಗಿನ ಹೆಂಗಸರು ಜೊತೆಯಾಗಿ ಇಳಿದು ಹೋಗದೇ ಇರ್ಲಿ ಅಂತ."

"ಯಂತ್ರ ಇದನ್ನ ಹೇಳ್ಲೇ ಇಲ್ಲವಲ್ಲ! ನಿನಗ್ಯಾರು ಹೇಳಿದ್ರು?"

ಹಂಜಾಬಾಯಿ ಮುಸುಕನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಕೊನೆಯ ಮೆಟ್ಟಿಲನ್ನು ಅವಳು ತುಳಿಯದೆ ದಾಟಿದಳು. ಸಾಯುತ್ತಿರುವ ನಿನ್ನ ತಮ್ಮನನ್ನು ನೋಡಿ ಬಾ ಎಂದು ರಾಣಿ ಬಾಯಿಮಾತಿನಲ್ಲಿ ಕೊಟ್ಟ ಅಪ್ಪಣೆ ನಂಬಿ ಹೊರಟ ಅವ್ವನನ್ನು ಕಾವಲಿನವರು ಇಲ್ಲಿಯೇ ಹಿಡಿದಿದ್ದರು. ಚೀಟಿ ಎಲ್ಲಿ ಎಂದರು. ಚೀಟಿ ಇರಲಿಲ್ಲ. ಕೇಳಿದರೆ ರಾಣಿಗೆ ತಾನು ಹೇಳಿದ್ದೇ ನೆನಪಿರಲಿಲ್ಲ. ಆ ದಿನದಿಂದ ಸಾಯುವವರೆಗೂ ಅವ್ವ ನೆಟ್ಟಗೆ ನಡೆಯಲಿಲ್ಲ.

"ಸಾಕು ನಡಿ," ಎಂದು ಹುಡುಗಿಯ ರಟ್ಟೆ ಹಿಡಿದು ಹೆಬ್ಬಾಗಿಲಿಗೆ ಎಳೆದುಕೊಂಡು ಬಂದಳು. ಖುಷ್ಬು ಇನ್ನೂ ಕತ್ತೆತ್ತಿ ಮೇಲಿನ ಗೋಪುರ ನೋಡುತ್ತಲೇ ಹೊಸ್ತಿಲಿಗೆ ಕಾಲಿಟ್ಟಳು.

"ಏಯ್ ಹುಡುಗೀ! ನಿಲ್ಲು! ಎಲ್ಲಿಗೆ ಹೋಗ್ತಾ ಇದೀಯ?"

ಕಾವಲುಗಾರ ಭರ್ಜಿ ಹಿಡಿದೇ ಓಡಿ ಬಂದ. ಹಂಜಾಬಾಯಿ ನಡುವೆ ನುಗ್ಗಿ ಅವನ ಎರಡೂ ಕಾಲು ಹಿಡಿದುಕೊಂಡಳು. ಕಂಕುಳಿನ ಚಪ್ಪಲಿ ಕಲ್ಲಿನ ಮೇಲೆ ಬಿದ್ದವು.

"ಹುಕುಂ, ನನ್ನ ದೊರೇ, ಇವಳಲ್ಲ! ಓಡಿಹೋದೋಳು ನಾನು. ಇವಳು ಹೊರಗೆ ಹುಟ್ಟಿದ ಕೂಸು, ಏನೂ ಗೊತ್ತಿಲ್ಲ. ನನ್ನ ಇಟ್ಕೊಳ್ಳಿ, ಹುಡುಗೀನ ಬಿಟ್ಬಿಡಿ."

"ಅಯ್ಯಯ್ಯೋ, ಏಳಿ ತಾಯೀ!" ಕಾವಲುಗಾರ ಗಾಬರಿಯಾಗಿ ಹಿಂದೆ ಸರಿದ. "ಕಿವೀಲಿರೋ ಯಂತ್ರ ವಾಪಸ್ ಕೊಡ್ಬೇಕು, ಅಷ್ಟೇ. ಮರೆತು ಹೊರಟಿದ್ಳು."

ಖುಷ್ಬು ಯಂತ್ರ ತೆಗೆದುಕೊಟ್ಟಳು. "ಅಜ್ಜೀ, ಓಡಿಹೋದೋಳು ಅಂದ್ರೆ...?"

ಹಂಜಾಬಾಯಿ ಹುಡುಗಿಯ ರಟ್ಟೆಯನ್ನು ಮತ್ತೆ ಗಟ್ಟಿಯಾಗಿ ಹಿಡಿದು ಕಾವಲುಗಾರನನ್ನೇ ಕೇಳಿದಳು.

"ಹಾಗಾದ್ರೆ ನಾವು ಹೋಗ್ಬೋದಾ ಹುಕುಂ?"

"ಧಾರಾಳವಾಗಿ ಹೋಗಿ ತಾಯಿ. ಯಾರು ಬೇಡ ಅಂತಾರೆ?"

ಹೊಸ್ತಿಲಾಚೆ ಬೀದಿ, ಆಟೋ, ಕಬ್ಬಿನ ಹಾಲಿನ ಗಾಡಿ ಎಲ್ಲ ಕಾಣುತ್ತಿದ್ದವು. ಮುದುಕಿ ಕಾಲೆತ್ತಲಿಲ್ಲ.

"ಬಾಯಿಮಾತು ಬೇಡ," ಎಂದಳು. "ಚೀಟಿ ಬರೆದುಕೊಡಿ. ಇಬ್ಬರ ಹೆಸರೂ ಬರೀರಿ."