ಸ್ಟ್ರಾಟಿಸನ ಶುದ್ಧಿಪೆಟ್ಟಿಗೆ

"ಮತ್ತೆ ಎಂಜಲು ಕಣೋ," ಎಂದಳು ಪ್ರಯೋಗಾಲಯದ ಫೋತಿನಿ ಫೋನಿನಲ್ಲಿ. "ಬಾಯಲ್ಲಿರೋ ಕ್ರಿಮಿಗಳೇ. ಬೀಗದ ಕೈ ಮೇಲೂ ಇದೆ, ಕನ್ನಡಕದ ಮೇಲೂ ಇದೆ."

ಸ್ಟ್ರಾಟಿಸ್ ಫೋನನ್ನು ಮೇಜಿನ ಮೇಲೆ ಕುಕ್ಕಿದ. ಎದುರಿಗೆ ಅವನೇ ಕಟ್ಟಿದ ಶುದ್ಧಿಪೆಟ್ಟಿಗೆ ಏನೂ ಅರಿಯದಂತೆ ಕುಳಿತಿತ್ತು. ಊಟದ ಡಬ್ಬಿಯಷ್ಟು ಗಾತ್ರ, ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಫೋನು, ಬೀಗದ ಕೈ, ಕನ್ನಡಕ, ಏನೇ ಇಡಿ. ಒಳಗಿನ ನೇರಳಾತೀತ ಬೆಳಕು ಕ್ರಿಮಿಗಳನ್ನು ಸುಟ್ಟುಹಾಕಬೇಕು. ಕೆಲಸ ಮುಗಿದಾಗ ಮುಚ್ಚಳ ತಾನಾಗಿ ಮೇಲೇಳುತ್ತದೆ, ವಸ್ತು ಹೊಸದರಂತೆ ಹೊಳೆಯುತ್ತದೆ. ಆ ಹೊಳಪು ಕಂಡಾಗಲೆಲ್ಲ ಅವನ ಎದೆ ಉಬ್ಬುತ್ತಿತ್ತು. ಆಮೇಲೆ ಮುಚ್ಚಿ, ಮೊಹರು ಹಾಕಿ, ಫೋತಿನಿಯ ಪ್ರಯೋಗಾಲಯಕ್ಕೆ ಕಳಿಸುವುದು. ಆಮೇಲೆ ಈ ಹಾಳು ಫೋನು.

ಅವನು ದೀಪ ಬದಲಿಸಿದ್ದ. ಒಳಗೋಡೆಗೆ ಕನ್ನಡಿ ಹಚ್ಚಿದ್ದ. ತಳಕ್ಕೆ ಜಾಲರಿ ಹಾಕಿದ್ದ. ನೀರಲ್ಲಿ ಹೋಮ ಮಾಡಿದ ಹಾಗಾಯಿತು.

"ನಾನು ಇಲ್ಲಿ ಮಾಸ್ಕ್ ಕಟ್ಕೊಂಡು ಮಾಡಿದ್ರೆ ಎಲ್ಲ ಶುದ್ಧ," ಎಂದಿದ್ದಳು ಫೋತಿನಿ. "ನಿನ್ನ ಮನೆಯಿಂದ ಬಂದ್ರೆ ಹೊಲಸು. ತಪ್ಪು ಪೆಟ್ಟಿಗೇಲಿಲ್ಲ, ಮನೇಲಿದೆ."

ಆದರೆ ಪೆಟ್ಟಿಗೆಯನ್ನು ಒಪ್ಪಬೇಕಾದ ಆಸ್ಪತ್ರೆಯವರಿಗೆ ಮನೆಯ ಪರೀಕ್ಷೆಯೇ ಬೇಕು. ಮನೆಮಂದಿ ಬಳಸುವ ಹಾಗೆ ಬಳಸಿ, ಮೊದಲಿಂದ ಕೊನೆಯವರೆಗೆ ವಿಡಿಯೋ ತೆಗೆದು ಕಳಿಸಿ, ಇದೇ ಕೊನೆಯ ಅವಕಾಶ ಎಂದು ಮಕ್ಕಳ ವಾರ್ಡಿನ ಮುಖ್ಯಸ್ಥೆ ಹೇಳಿಬಿಟ್ಟಿದ್ದಳು. ಆ ವಾರ್ಡಿನಲ್ಲೇ ಅವನ ಅಕ್ಕನ ಮಗಳು ಮಿರ್ಸಿನಿ ಮಲಗಿದ್ದಳು. ರಕ್ತದ ಕಾಯಿಲೆ. ಹೊರಗಿನ ಒಂದು ವಸ್ತುವನ್ನೂ ಒಳಗೆ ಬಿಡುತ್ತಿರಲಿಲ್ಲ. ತನ್ನ ತಗಡಿನ ಕತ್ತೆ ಪಕ್ಕದಲ್ಲಿಲ್ಲದೆ ಆ ಹುಡುಗಿಗೆ ನಿದ್ದೆ ಬರುತ್ತಿರಲಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ: ಅವನು, ಅವನ ತಾಯಿ ಎವಾಂಥಿಯಾ. ಚೆಂದದ್ದು ಏನು ಕಂಡರೂ ದೃಷ್ಟಿ ತಾಗದಿರಲೆಂದು ಮೂರು ಸಲ 'ಫ್ತು' ಎನ್ನದೆ ಮುಂದೆ ಹೋಗುವ ಹೆಂಗಸಲ್ಲ ಅವಳು. ಪಕ್ಕದ ಮನೆಯ ಕೂಸಿಗೆ ಫ್ತು, ಮದುಮಗಳ ಉಡುಪಿಗೆ ಫ್ತು, ಹೊಸ ಫ್ರಿಜ್ಜಿಗೂ ಫ್ತು. ವೋಲೋಸ್ ಊರಿಗೆ ಊರೇ ಹಾಗೆ ಎನ್ನಿ. ಆದರೆ ಉಳಿದವರದು ಬರೀ ಸದ್ದು, ಇವಳ ಮನೆತನದವರದು ತುಂತುರು. ಪೆಟ್ಟಿಗೆಗೆ ಅವಳು ಕಟ್ಟಿದ್ದ ದೃಷ್ಟಿಯ ನೀಲಿ ಮಣಿಯನ್ನು ಮಗ ಮೊದಲ ದಿನವೇ ಕಿತ್ತೆಸೆದಿದ್ದ. ಅವನು ವಿಜ್ಞಾನ ಓದಿದವನು.

ಎವಾಂಥಿಯಾ ಅಡುಗೆಮನೆಯಲ್ಲಿ ಟೊಮ್ಯಾಟೊ ಒಳಗೆ ಅಕ್ಕಿ ತುಂಬುತ್ತಿದ್ದಳು.

"ಅಮ್ಮಾ, ಪೆಟ್ಟಿಗೆ ಹತ್ರ ಹೋಗಿದ್ಯಾ?"

"ನಾನ್ಯಾಕೆ ಹೋಗ್ಲಿ? ನೀನು ಬೇಡ ಅಂದ ದಿನದಿಂದ ಆ ಕೋಣೆ ಹೊಸ್ತಿಲು ದಾಟಿಲ್ಲ."

"ಹಾಗಾದ್ರೆ ಎಂಜಲು ಆಕಾಶದಿಂದ ಉದುರ್ತಾ? ಮೊಮ್ಮಗಳು ಅಲ್ಲಿ ಕತ್ತೆ ಕತ್ತೆ ಅಂತ ಅಳ್ತಿದಾಳೆ, ನಿನಗೆ ನಿನ್ನ ದೃಷ್ಟಿ ಹುಚ್ಚು. ಈ ಮನೇಲಿ ಉಗಿಯೋರು ಇನ್ಯಾರಿದಾರೆ?"

ಅವಳ ಕೈ ನಿಂತಿತು. ಮಗನ ಮುಖವನ್ನೇ ನೋಡಿದಳು.

"ನನ್ನ ಬಾಯಿ ನನ್ನ ಹಿಡಿತದಲ್ಲಿದೆ ಮಗನೇ. ನಿಂದು ನೀನು ನೋಡ್ಕೋ."

ಹೆತ್ತವಳ ಹತ್ತಿರ ಹೀಗೆಲ್ಲ ಮಾತಾಡಬೇಡ ಎನ್ನುತ್ತಿದ್ದಾಳೆ ಎಂದುಕೊಂಡ ಅವನು. ಅವಳು ಟೊಮ್ಯಾಟೊಗಳನ್ನು ಅರ್ಧಕ್ಕೇ ಬಿಟ್ಟು, ಲಾರಿಸಾ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಬಸ್ಸು ಹತ್ತಿದಳು. ತಡೆಯಬೇಕೆನಿಸಿತು. ತಡೆಯಲಿಲ್ಲ. ಪರೀಕ್ಷೆಯೊಂದು ಗೆದ್ದುಬಿಡಲಿ, ಕಾಲು ಹಿಡಿದು ಕರೆತಂದರಾಯಿತು.

ಮರುದಿನ ಸ್ಟ್ರಾಟಿಸ್ ಬಾಗಿಲಿಗೆ ಚಿಲಕ ಹಾಕಿದ, ಕಿಟಕಿ ಮುಚ್ಚಿದ, ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ ವಿಡಿಯೋ ಹಚ್ಚಿದ. ತಗಡಿನ ಕತ್ತೆಯನ್ನೇ ಪೆಟ್ಟಿಗೆಯಲ್ಲಿಟ್ಟ. ಬೆಳಕು ಉರಿಯಿತು, ಆರಿತು, ಮುಚ್ಚಳ ಎದ್ದಿತು. ಮುಚ್ಚಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕೊಟ್ಟುಬಂದ. ವಿಡಿಯೋವನ್ನು ಆಸ್ಪತ್ರೆಗೂ ಫೋತಿನಿಗೂ ಕಳಿಸಿದ. ಈ ಸಲ ಗೆದ್ದೆ ಎಂದುಕೊಂಡ.

ಫೋತಿನಿಯ ಫೋನು ಬಂತು.

"ಎಂಜಲು."

"ಸಾಧ್ಯವೇ ಇಲ್ಲ. ಅಮ್ಮ ಊರಲ್ಲೇ ಇಲ್ಲ."

"ಗೊತ್ತು. ಆಸ್ಪತ್ರೆಯೋರೂ ಫೋನ್ ಮಾಡಿದ್ರು. ಬೇಡ ಅಂದ್ರು ಕಣೋ. ಕತ್ತೇನೂ ಒಳಗೆ ಬಿಡಲ್ವಂತೆ."

"ಯಾಕೆ? ಏನು ಕಾರಣ?"

"ನೀನು ಕಳಿಸಿದ ವಿಡಿಯೋ ನೀನು ನೋಡಿದ್ಯಾ? ನೋಡು. ಆಮೇಲೆ ಅಮ್ಮಂಗೆ ಫೋನ್ ಮಾಡು."

ಅವನು ನೋಡಿದ. ಬೇರೆ ಯಾರೂ ಇಲ್ಲದ ಕೋಣೆ, ಚಿಲಕ ಹಾಕಿದ ಬಾಗಿಲು. ಮುಚ್ಚಳ ಎದ್ದಿತು. ತಗಡಿನ ಕತ್ತೆ ಕೆಂಪು ಜೀನು ಸಮೇತ ಹೊಚ್ಚ ಹೊಸದಾಗಿ ಹೊಳೆಯಿತು. ಅದನ್ನು ಕಂಡ ವಿಜ್ಞಾನ ಓದಿದ ಮನುಷ್ಯನ ಮುಖ ಅರಳಿತು. ಅಲ್ಲಿಯವರೆಗೆ ಸ್ಟ್ರಾಟಿಸನಿಗೆ ಎಲ್ಲ ನೆನಪಿತ್ತು.

ಆಮೇಲೆ ಆ ಮನುಷ್ಯ ಪೆಟ್ಟಿಗೆಯ ಮೇಲೆ ಬಾಗಿ, "ನಮ್ಮ ಮಿರ್ಸಿನಿಗೆ ಯಾರ ಕಣ್ಣೂ ತಾಗದಿರಲಿ," ಎಂದು ಮೆಲ್ಲಗೆ ಹೇಳಿ, ಕತ್ತೆಯ ಮುಖಕ್ಕೆ ಮೂರು ಸಲ ತುಂತುರು ಹಾರಿಸಿದ: ಫ್ತು, ಫ್ತು, ಫ್ತು.